ನೆಲದಿಂದ ಎಷ್ಟು ಎತ್ತರ?

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ಹೇಮಾವತಿ ನದಿಯ ದಡದಲ್ಲಿರುವ ಊರು. ಇಂತಹ ನದೀತೀರದ ಸೀಮೆಯಲ್ಲಿ ನೆಲವು ಒಂದೇ ಮಟ್ಟದಲ್ಲಿರುವುದಿಲ್ಲ. ತಗ್ಗಿನಲ್ಲಿ ಬತ್ತದ ಗದ್ದೆಯಿದ್ದರೆ ದಿಣ್ಣೆಯ ಮೇಲೆ ರಾಗಿಯ ಹೊಲವಿರುತ್ತದೆ. ಇಲ್ಲಿ ಡ್ರೋನ್ ಎಂಬ ಚಾಲಕರಹಿತ ಪುಟ್ಟ ವಿಮಾನವು ಬೆಳೆಗೆ ಔಷಧಿ ಸಿಂಪಡಿಸಬೇಕಾಗಿದೆ ಎಂದು ಭಾವಿಸೋಣ. ಅದು ಪೈರಿನಿಂದ ಎರಡು ಮೂರು ಮೀಟರುಗಳಷ್ಟೇ ಮೇಲೆ ಹಾರಬೇಕು. ಹೆಚ್ಚು ಮೇಲೇರಿದರೆ ಔಷಧಿಯು ಗಾಳಿಗೆ ಸಿಲುಕಿ ನೆರೆಯ ಹೊಲದಲ್ಲಿ ಕಳೆ ಕೀಳುತ್ತಿರುವವರ ಮೈಮೇಲೆ ಬಿದ್ದೀತು. ಹೆಚ್ಚು ಕೆಳಗಿಳಿದರೆ ಯಂತ್ರವೇ ಪೈರಿಗೆ ತಾಗಿ ಉರುಳೀತು. ಹಾಗಾದರೆ ಅದಕ್ಕೆ ತನ್ನ ಎತ್ತರವು ತಿಳಿಯುವ ಬಗೆ ಹೇಗೆ?

ಮೇಲೇರಿದಂತೆ ಗಾಳಿಯ ಒತ್ತಡವು ಕಡಿಮೆಯಾಗುತ್ತದೆ. 1648ರಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಸ್ಕಲನ ಸೂಚನೆಯಂತೆ ಅವನ ಭಾವ ಪೆರಿಯೆಯು ಪಾದರಸದ ಕೊಳವೆಯೊಡನೆ ಬೆಟ್ಟವನ್ನೇರಿ ಇದನ್ನು ಪ್ರತ್ಯಕ್ಷವಾಗಿ ಕಂಡನು. ಇಂದು ಉಗುರಿಗಿಂತ ಚಿಕ್ಕದಾದ ವಾಯುಭಾರಮಾಪಕವು ಡ್ರೋನಿನೊಳಗೆ ಇರುತ್ತದೆ. ನಮ್ಮ ಮೈಸೂರು ಸೀಮೆಯಲ್ಲಿ ಒತ್ತಡವು ಒಂದು ಮಿಲಿಬಾರಿನಷ್ಟು ಇಳಿದರೆ ಸುಮಾರು 9 ಮೀಟರ್ ಏರಿದಂತೆ. ಆದರೆ ನಮ್ಮ ನಾಡಿನಲ್ಲಿ ಬೆಳಿಗ್ಗೆ ಹತ್ತು ಗಂಟೆಯಿಂದ ಸಂಜೆ ನಾಲ್ಕರೊಳಗೆ ಒತ್ತಡವು ತಾನಾಗಿಯೇ ಮೂರು ಮಿಲಿಬಾರಿನಷ್ಟು ಇಳಿಯುವುದುಂಟು. ಆಗ ನೆಲದ ಮೇಲೆ ಸುಮ್ಮನೆ ಇಟ್ಟ ಮಾಪಕವೂ ‘ಇಪ್ಪತ್ತೇಳು ಮೀಟರ್ ಏರಿದೆ’ ಎಂದು ಹೇಳೀತು! ಅಲ್ಲದೆ, ಅದು ತಿಳಿಸುವುದು ಹೊರಟ ಸ್ಥಳದಿಂದ ಎತ್ತರವನ್ನೇ ಹೊರತು ಈಗ ಕೆಳಗಿರುವ ನೆಲದಿಂದಲ್ಲ. ಗದ್ದೆಯಿಂದ ಹತ್ತು ಮೀಟರ್ ಏರಿ ಅದೇ ಮಟ್ಟದಲ್ಲಿ ಸಾಗಿದ ಯಂತ್ರಕ್ಕೆ ಮುಂದೆ ಹತ್ತು ಮೀಟರಿನ ದಿಣ್ಣೆ ಎದುರಾದರೆ ಗತಿಯೇನು?

ಉಪಗ್ರಹಗಳ ಸಂಕೇತದಿಂದಲೂ ಎತ್ತರವನ್ನು ಲೆಕ್ಕಹಾಕಬಹುದು. ಆದರೆ ಆ ಲೆಕ್ಕಕ್ಕೆ ಆಧಾರವು ಭೂಮಿಯ ಕಲ್ಪಿತವಾದ ನುಣುಪು ಮೈ. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರಮಟ್ಟವು ಅದಕ್ಕಿಂತ 80 ಮೀಟರಿಗೂ ಹೆಚ್ಚು ಕೆಳಗಿದೆ. ಈ ಅಂತರವನ್ನು ಸರಿಪಡಿಸಿಕೊಂಡರೂ ದೊರೆಯುವುದು ಸಮುದ್ರಮಟ್ಟದಿಂದ ಎತ್ತರವೇ, ಪೈರಿನಿಂದಲ್ಲ.

ಆದುದರಿಂದ ನೆಲವನ್ನೇ ಕೇಳಬೇಕು. ಬಾವಿಯೊಳಗೆ ಕೂಗಿದರೆ ಮಾರ್ದನಿ ಬರುವಂತೆ, ಡ್ರೋನ್ ಕೆಳಮುಖವಾಗಿ ಶಬ್ದವನ್ನೋ ರೇಡಿಯೋ ಅಲೆಯನ್ನೋ ಲೇಸರ್ ಕಿರಣವನ್ನೋ ಕಳುಹಿಸಿ, ಅದು ಮರಳುವ ಕಾಲವನ್ನು ಅಳೆಯುತ್ತದೆ. ಮೂರು ಮೀಟರ್ ಎತ್ತರದಿಂದ ಹೊರಟ ಬೆಳಕು ನೆಲವನ್ನು ಮುಟ್ಟಿ ಹಿಂದಿರುಗಲು ಸೆಕೆಂಡಿನ ಐದು ಕೋಟಿಯಲ್ಲಿ ಒಂದು ಪಾಲು ಸಾಕು!

ಈ ಸಾಧನಗಳಿಗೂ ಮಿತಿಯುಂಟು. ರೆಕ್ಕೆಗಳ ಸದ್ದು ಗಾಳಿಗಳಲ್ಲಿ ಶಬ್ದದ ಮಾರ್ದನಿ ಅಡಗಿಹೋಗಬಹುದು. ಗದ್ದೆಯ ನಿಂತ ನೀರು ಕನ್ನಡಿಯಂತೆ ಲೇಸರ್ ಕಿರಣವನ್ನು ಬೇರೆಡೆಗೆ ಹೊರಳಿಸಬಹುದು. ಆದುದರಿಂದ ಜಾಣ ಯಂತ್ರವು ಒಬ್ಬನೇ ಸಾಕ್ಷಿಯನ್ನು ನಂಬದೆ, ಹಲವು ಮಾಪಕಗಳ ಮಾತನ್ನು ಹೋಲಿಸಿ ನೋಡುತ್ತದೆ.

‘ಎಷ್ಟು ಎತ್ತರ?’ ಎಂದು ಕೇಳುವ ಮೊದಲು ‘ಎಲ್ಲಿಂದ?’ ಎಂದು ಕೇಳಬೇಕು. ಈ ಚಿಕ್ಕ ಪ್ರಶ್ನೆಯನ್ನು ಮರೆತರೆ ಎಷ್ಟು ಸೂಕ್ಷ್ಮವಾದ ಅಳತೆಯೂ ನಮ್ಮನ್ನು ದಿಣ್ಣೆಗೆ ಡಿಕ್ಕಿ ಹೊಡೆಸೀತು.