ಹಸುವಿನ ಮೇವಿನಲ್ಲಿ ಯೀಸ್ಟ್

ಯೀಸ್ಟಿನ ಪುಡಿಯನ್ನು ಹಿಂಡಿಗೆ ಬೆರಸಿದರೆ ಹಾಲು ಹೆಚ್ಚುವುದೆಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಪುತ್ತೂರು, ಸುಳ್ಯ, ಕಡಬಗಳಲ್ಲಿ ಹಟ್ಟಿಯ ಎರಡು ಹಸುಗಳಿಂದ ಮನೆಯ ಖರ್ಚು ತೂಗಿಸುವವರು ದುಡ್ಡು ಹಾಕುವ ಮುನ್ನ ಇದರ ಮರ್ಮವನ್ನು ತಿಳಿಯುವುದು ಒಳ್ಳೆಯದು.

ಯೀಸ್ಟ್ ಎಂಬುದು ಕಣ್ಣಿಗೆ ಕಾಣದ ಒಂದು ಶಿಲೀಂಧ್ರ. ಮದ್ಯವನ್ನು ಹುಳಿಯಿಸುವ ವಸ್ತುವನ್ನು ಕೌಟಿಲ್ಯನು ‘ಕಿಣ್ವ’ವೆಂದು ಕರೆದಿದ್ದಾನೆ, ಇಂದಿನ ವಿಜ್ಞಾನ ಪುಸ್ತಕಗಳು ಆ ಪದವನ್ನು ಬೇರೆ ಅರ್ಥದಲ್ಲಿ ಬಳಸುವುದರಿಂದ ‘ಯೀಸ್ಟ್’ ಎಂದೇ ಹೇಳೋಣ. ಸನ್ನದ ಹಿಟ್ಟನ್ನು ಉಬ್ಬಿಸುವ ಕಳ್ಳಿನಲ್ಲಿರುವುದೂ ಇದೇ ಬಳಗ. ಹಾಲು ಕೊಡುವ ಹಸುಗಳಿಗೆ ಇದನ್ನು ತಿನ್ನಿಸಿ ನೋಡಿದ ಪ್ರಯೋಗದ ವರದಿ ಅಮೆರಿಕೆಯಲ್ಲಿ 1925ರಲ್ಲಿಯೇ ಪ್ರಕಟವಾಯಿತು.

ಹುಲ್ಲನ್ನು ಅರಗಿಸುವುದು ವಾಸ್ತವವಾಗಿ ಹಸುವಲ್ಲ. ಅದರ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವಕ್ಕೆ ಆಮ್ಲಜನಕ ಆಗದು. ಮೇವಿನೊಡನೆ ಒಳಹೊಕ್ಕ ಆಮ್ಲಜನಕವನ್ನು ಜೀವಂತ ಯೀಸ್ಟ್ ಹೀರಿಕೊಂಡು ಅವುಗಳ ಕೆಲಸವನ್ನು ಸುಗಮಗೊಳಿಸುತ್ತದೆ. ಹುಳಿಯನ್ನು ಕರಗಿಸುವ ಜೀವಿಗಳಿಗೂ ಬಲ ಕೊಡುತ್ತದೆ.

ಈ ಹುಳಿಯ ವಿಚಾರ ಮುಖ್ಯ. ಬೈಹುಲ್ಲು ಕಡಿಮೆಯಾಗಿ ಹಿಂಡಿ ಅತಿಯಾದರೆ ಹೊಟ್ಟೆಯಲ್ಲಿ ಆಮ್ಲವೇರುತ್ತದೆ, ಹುಲ್ಲು ಅರಗದು, ಹಾಲಿನ ಜಿಡ್ಡು ಇಳಿಯುತ್ತದೆ. ಹಾಲಿನ ಸಂಘದಲ್ಲಿ ದರ ನಿಲ್ಲುವುದು ಜಿಡ್ಡು ಮತ್ತು ಘನಾಂಶಗಳ ಮೇಲೆ. ಆದುದರಿಂದ ನಷ್ಟ ನೇರವಾಗಿ ಕೈಗೆ ತಟ್ಟುತ್ತದೆ. ಇಂಥ ನಿತ್ಯದ ಹುಳಿಯನ್ನು ಹತೋಟಿಯಲ್ಲಿಡಲು ಯೀಸ್ಟ್ ನೆರವಾದೀತು. ಆದರೆ ಜಂಬಾರದಲ್ಲಿ ಮಿಕ್ಕ ಅನ್ನವನ್ನೋ ರಾಶಿ ಹಲಸಿನ ಹಣ್ಣನ್ನೋ ತಿಂದು ಹಸು ಮಂಕಾಗಿ ಮಲಗಿದರೆ ಯೀಸ್ಟನ್ನು ನಂಬಿ ಕೂರಬೇಡಿ. ಅದು ಪ್ರಾಣಾಪಾಯ, ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ಕೊಡುವ ಕ್ರಮವೂ ಉಂಟು. ಪೊಟ್ಟಣದಲ್ಲಿ ‘ಜೀವಂತ’ ಎಂದಿದೆಯೇ ನೋಡಿ. ಸತ್ತ ಯೀಸ್ಟ್ ಒಳ್ಳೆಯ ಸಸಾರಜನಕವೇ ಹೊರತು ಮೇಲಿನ ಕೆಲಸ ಮಾಡದು. ಬಿಸಿ ಅಕ್ಕಚ್ಚಿಗೆ ಹಾಕಿದರೆ ಅದು ಸಾಯುತ್ತದೆ. ತಣಿದ ಹಿಂಡಿಗೆ ಬೆರಸಿ. ಹಸುವಿನ ಹೊಟ್ಟೆಯಲ್ಲಿ ಅದು ನೆಲೆನಿಲ್ಲುವುದಿಲ್ಲವಾದ್ದರಿಂದ ಪೊಟ್ಟಣದಲ್ಲಿ ಹೇಳಿದಷ್ಟನ್ನು ಪ್ರತಿದಿನವೂ ಕೊಡಬೇಕು. ಮಳೆಗಾಲದ ತೇವ ತಾಗದಂತೆ ಮುಚ್ಚಿಡಿ.

ಹಿಂಡಿ ಹೆಚ್ಚು ತಿನ್ನುವ, ಹಾಲು ಹೆಚ್ಚು ಕೊಡುವ ಮಿಶ್ರತಳಿಯ ಹಸುವಿಗೆ, ಅದರಲ್ಲೂ ಕರು ಹಾಕಿದ ಮೊದಲ ತಿಂಗಳುಗಳಲ್ಲಿ, ಇದು ಸಲ್ಲುತ್ತದೆ. ಸೊಪ್ಪು ಹುಲ್ಲು ಮೇಯ್ದು ಬರುವ ಮಲೆನಾಡು ಗಿಡ್ಡಕ್ಕೆ ಇದರ ಅಗತ್ಯವಿಲ್ಲ. ಪ್ರಯೋಗಗಳಲ್ಲಿ ಹಾಲು ಏರಿದುದೂ ಉಂಟು, ಏರದೆ ಉಳಿದುದೂ ಉಂಟು. ಆದುದರಿಂದ ಕೊಡುವ ಮುನ್ನ 15 ದಿನ, ಕೊಡತೊಡಗಿ ಒಂದು ತಿಂಗಳು, ಹಾಲಿನ ಅಳತೆಯನ್ನೂ ಜಿಡ್ಡಿನ ಅಂಕೆಯನ್ನೂ ಬರೆದಿಡಿ. ಗಳಿಕೆಯು ಪುಡಿಯ ಬೆಲೆಯನ್ನು ಮೀರಿದರೆ ಮುಂದುವರಿಸಿ. ಇಲ್ಲವಾದರೆ ಆ ಹಣದಲ್ಲಿ ಒಂದು ಕಟ್ಟು ಹುಲ್ಲು ಹೆಚ್ಚಿಗೆ ಕೊಳ್ಳಿರಿ.