ಯೋಗಾಭ್ಯಾಸದ ಆರಂಭ

ಯೋಗಾಭ್ಯಾಸವು ಆಸನ, ಪ್ರಾಣಾಯಾಮ ಮತ್ತು ಧ್ಯಾನಗಳ ಮೂಲಕ ಶರೀರ ಹಾಗೂ ಮನಸ್ಸನ್ನು ಹದಗೊಳಿಸುವ ಭಾರತೀಯ ಸಾಧನಾಕ್ರಮವಾಗಿದೆ. ಪತಂಜಲಿಯ ಯೋಗಸೂತ್ರಗಳು ಹೇಳುವ ಎಂಟು ಅಂಗಗಳಲ್ಲಿ ಆಸನವು ಮೂರನೆಯದು, ಪ್ರಾಣಾಯಾಮವು ನಾಲ್ಕನೆಯದು. ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂಬುದು ಅಲ್ಲಿನ ಲಕ್ಷಣ. ಆದ್ದರಿಂದ ನೋವನ್ನು ಸಹಿಸಿಕೊಂಡು ಕಠಿಣ ಭಂಗಿಯನ್ನು ಸಾಧಿಸುವುದು ಅಭ್ಯಾಸದ ಗುರಿಯಲ್ಲ.

ಹಿನ್ನೆಲೆ

ಆಧುನಿಕ ಆಸನಾಭ್ಯಾಸದ ಪ್ರಸಾರದಲ್ಲಿ ಮೈಸೂರಿನ ಪಾತ್ರ ಹಿರಿದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಬೋಧಿಸಿದರು. ಅವರ 'ಯೋಗ ಮಕರಂದ' ಗ್ರಂಥವು 1934ರಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರಿಂದ ಪ್ರಸಿದ್ಧವಾದ 'ಮೈಸೂರು ಶೈಲಿ'ಯಲ್ಲಿ ಪ್ರತಿಯೊಬ್ಬರೂ ತಮ್ಮ ಉಸಿರಿನ ಗತಿಗೆ ತಕ್ಕಂತೆ ಅಭ್ಯಾಸ ಮಾಡುತ್ತಾರೆ. ಒಂದು ಆಸನವು ರೂಢಿಯಾದ ಬಳಿಕ ಗುರುಗಳು ಮುಂದಿನದನ್ನು ಕಲಿಸುತ್ತಾರೆ. ಮತ್ತೊಬ್ಬ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ಯರ ಪದ್ಧತಿಯಲ್ಲಿ ಪಟ್ಟಿ, ಕುರ್ಚಿ, ಮರದ ತುಂಡುಗಳನ್ನು ಆಧಾರವಾಗಿ ಬಳಸಲಾಗುತ್ತದೆ.

ಆರಂಭಿಸುವ ಕ್ರಮ

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಭ್ಯಾಸ ಮಾಡುವುದು ರೂಢಿ. ತಾಡಾಸನ, ವೃಕ್ಷಾಸನ, ಭುಜಂಗಾಸನಗಳಂತಹ ಸರಳ ಆಸನಗಳಿಂದ ತೊಡಗಿ ಶವಾಸನದಲ್ಲಿ ಮುಗಿಸಬಹುದು. ಮುಂದಕ್ಕೆ ಬಾಗುವಾಗ ಉಸಿರನ್ನು ಬಿಡಬೇಕು, ಎದೆಯನ್ನು ಹಿಗ್ಗಿಸುವಾಗ ಒಳಕ್ಕೆಳೆದುಕೊಳ್ಳಬೇಕು. ಉಸಿರು ತಡವರಿಸಿದರೆ ಶ್ರಮ ಮಿತಿಮೀರಿದೆಯೆಂದು ತಿಳಿಯಬೇಕು.

ಪ್ರಯೋಜನಗಳು

ನಿಯಮಿತ ಅಭ್ಯಾಸದಿಂದ ಕೀಲುಗಳ ಚಲನೆ, ಸ್ನಾಯುಬಲ ಹಾಗೂ ದೇಹದ ಸಮತೋಲನ ಸುಧಾರಿಸುತ್ತವೆ. ದೀರ್ಘಕಾಲದ ಸೊಂಟನೋವು ಕೆಲವರಲ್ಲಿ ತಗ್ಗುತ್ತದೆ. ನಿಧಾನವಾದ ಉಸಿರಾಟವು ಹೃದಯಬಡಿತವನ್ನು ಇಳಿಸಿ ಮನಸ್ಸಿನ ಒತ್ತಡವನ್ನು ಶಮನಗೊಳಿಸುತ್ತದೆ.

ಎಚ್ಚರಿಕೆಗಳು

ಯೋಗವು ಔಷಧೋಪಚಾರಕ್ಕೆ ಪರ್ಯಾಯವಲ್ಲ. ಗ್ಲಾಕೋಮಾ ಅಥವಾ ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರು ಶೀರ್ಷಾಸನವನ್ನು ವರ್ಜಿಸಬೇಕು. ಗರ್ಭಿಣಿಯರು ವೈದ್ಯರ ಸಲಹೆ ಪಡೆದು, ಅನುಭವಿ ಶಿಕ್ಷಕರ ಬಳಿ ಕಲಿಯುವುದು ಸೂಕ್ತ.