ಕೈಗಾರಿಕಾ ಎಣ್ಣೆ ನೀಡುವ ಸಸ್ಯಗಳು: ವಂಶವಾಹಿ ತಂತ್ರಜ್ಞಾನದ ಸಾಧನೆ, ಮಿತಿ ಮತ್ತು ರೈತರು ವಹಿಸಬೇಕಾದ ಎಚ್ಚರ

ಎಣ್ಣೆಕಾಳು ಎಂದೊಡನೆ ನೆನಪಾಗುವುದು ಅಡುಗೆಮನೆ. ಆದರೆ ಸಾಬೂನು, ಬಣ್ಣ, ಯಂತ್ರಗಳ ಕೀಲೆಣ್ಣೆ ಮತ್ತು ಕೆಲವು ಬಗೆಯ ನೈಲಾನ್‌ಗಳ ತಯಾರಿಕೆಗೂ ಸಸ್ಯಜನ್ಯ ಎಣ್ಣೆಯೇ ಕಚ್ಚಾವಸ್ತು. ಭೂಗರ್ಭದ ಪೆಟ್ರೋಲಿಯಂ ಒಮ್ಮೆ ಬರಿದಾದರೆ ಮತ್ತೆ ತುಂಬುವುದಿಲ್ಲ. ಎಣ್ಣೆಕಾಳಿನ ಬೆಳೆಯನ್ನು ಪ್ರತಿ ವರ್ಷವೂ ಪಡೆಯಬಹುದು. ಆದ್ದರಿಂದ ಕಾರ್ಖಾನೆಗೆ ಬೇಕಾದ ನಿರ್ದಿಷ್ಟ ಗುಣದ ಎಣ್ಣೆಯನ್ನು ಸಸ್ಯದಲ್ಲೇ ಉತ್ಪಾದಿಸುವ ಸಂಶೋಧನೆ ಮೂರು ದಶಕಗಳಿಗೂ ಮೇಲ್ಪಟ್ಟು ನಡೆದಿದೆ. ಇದರಲ್ಲಿ ಎಷ್ಟು ಸಾಧ್ಯವಾಗಿದೆ, ನಮ್ಮ ರೈತರಿಗೆ ಇದರಿಂದ ಏನು ಅನ್ವಯಿಸುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಣ್ಣೆಯ ರಚನೆ

ಎಣ್ಣೆಯ ಒಂದು ಕಣವನ್ನು ಮೂರು ತಾಳಿನ ಕೂರಿಗೆಗೆ ಹೋಲಿಸಬಹುದು. ಗ್ಲಿಸರಾಲ್ ಎಂಬುದು ಕೂರಿಗೆಯ ದಿಂಡು. ಅದಕ್ಕೆ ಜೋಡಣೆಯಾದ ಮೂರು ಕೊಬ್ಬಿನಾಮ್ಲಗಳೇ ತಾಳುಗಳು. ದಿಂಡು ಎಲ್ಲ ಎಣ್ಣೆಗಳಲ್ಲೂ ಒಂದೇ. ತಾಳುಗಳ ಉದ್ದ ಮತ್ತು ಸ್ವರೂಪ ಬದಲಾದಂತೆ ಎಣ್ಣೆಯ ಗುಣ ಬದಲಾಗುತ್ತದೆ. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲ 12 ಇಂಗಾಲದ ಗಿಡ್ಡ ಸರಪಳಿಯಾದ್ದರಿಂದ ಸಾಬೂನಿನಲ್ಲಿ ಚೆನ್ನಾಗಿ ನೊರೆ ಬರುತ್ತದೆ. ಕುಸುಬೆ ಎಣ್ಣೆಯಲ್ಲಿ ಹೇರಳವಾಗಿರುವ ಲಿನೋಲಿಕ್ ಆಮ್ಲದಲ್ಲಿ ಎರಡು ದ್ವಿಬಂಧಗಳಿವೆ. ಗಾಳಿಯ ಆಮ್ಲಜನಕ ಇವುಗಳನ್ನು ಬೇಗ ಹಿಡಿಯುವುದರಿಂದ ಆ ಎಣ್ಣೆ ಪದರವಾಗಿ ಒಣಗುತ್ತದೆ. ಬಣ್ಣದ ತಯಾರಿಕೆಗೆ ಈ ಗುಣ ಅನುಕೂಲ, ಕೀಲೆಣ್ಣೆಗೆ ಅನನುಕೂಲ.

ಯಾವ ತಾಳು ತಯಾರಾಗಬೇಕು ಎಂಬುದನ್ನು ಕಾಳಿನಲ್ಲಿರುವ ಕಿಣ್ವಗಳು ನಿರ್ಧರಿಸುತ್ತವೆ. ಕಿಣ್ವವನ್ನು ವಂಶವಾಹಿ ನಿರ್ಧರಿಸುತ್ತದೆ. ಒಂದು ವಂಶವಾಹಿಯನ್ನು ಸೇರಿಸುವುದು ಅಥವಾ ಇರುವುದನ್ನು ನಿಷ್ಕ್ರಿಯಗೊಳಿಸುವುದು ಈ ತಂತ್ರಜ್ಞಾನದ ಎರಡು ಮುಖ್ಯ ಮಾರ್ಗಗಳು.

ನಿಷ್ಕ್ರಿಯಗೊಳಿಸಿ ಗೆದ್ದ ಕುಸುಬೆ

ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳು ಕುಸುಬೆಯ ಕಾಳಿನಲ್ಲಿ ಎರಡು ವಂಶವಾಹಿಗಳ ಕೆಲಸವನ್ನು ತಡೆದರು. ಓಲಿಕ್ ಆಮ್ಲ ಲಿನೋಲಿಕ್ ಆಗಿ ಪರಿವರ್ತನೆಯಾಗುವುದು ಇದರಿಂದ ಬಹುಮಟ್ಟಿಗೆ ನಿಂತಿತು. ಎಣ್ಣೆಯಲ್ಲಿ ಓಲಿಕ್ ಪ್ರಮಾಣ ಶೇ 90ನ್ನು ದಾಟಿತು. ಒಂದೇ ದ್ವಿಬಂಧವಿರುವ ಈ ಎಣ್ಣೆ ಬಿಸಿಯನ್ನು ತಾಳಿಕೊಳ್ಳುವುದರಿಂದ ಕೀಲೆಣ್ಣೆಗೆ ಯೋಗ್ಯ. 2018ರಲ್ಲಿ ಅಲ್ಲಿನ ನಿಯಂತ್ರಕರು ವಾಣಿಜ್ಯ ಬೇಸಾಯಕ್ಕೆ ಪರವಾನಗಿ ನೀಡಿದರು.

ಕಲಬುರಗಿ, ವಿಜಯಪುರ, ಬೀದರ್ ಭಾಗದ ಕಪ್ಪು ಭೂಮಿಯಲ್ಲಿ ಹಿಂಗಾರಿನ ತೇವಾಂಶದ ಮೇಲೆಯೇ ಕುಸುಬೆ ಬೆಳೆಯುವ ರೈತರು ಈ ಸುದ್ದಿಯನ್ನು ಕೇಳಿರಬಹುದು. ಆ ತಳಿಗೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು.

ಸೇರಿಸಿ ಕಲಿತ ಪಾಠ: ಔಡಲ

ಔಡಲ ಅಥವಾ ಹರಳು ಕೈಗಾರಿಕಾ ಎಣ್ಣೆಗಳಲ್ಲಿ ವಿಶಿಷ್ಟ. ಇದರ ಎಣ್ಣೆಯಲ್ಲಿ ಶೇ 85ರಿಂದ 90ರಷ್ಟು ರಿಸಿನೋಲಿಕ್ ಆಮ್ಲವಿದೆ. ನೈಲಾನ್-11 ತಯಾರಾಗುವುದು ಇದರಿಂದಲೇ. ಆದರೆ ಬೀಜದಲ್ಲಿ ರಿಸಿನ್ ಎಂಬ ತೀವ್ರ ವಿಷವಿರುವುದರಿಂದ, ಇದೇ ಎಣ್ಣೆಯನ್ನು ಬೇರೆ ಬೆಳೆಯಲ್ಲಿ ಪಡೆಯಬಹುದೇ ಎಂದು ವಿಜ್ಞಾನಿಗಳು ಪ್ರಯತ್ನಿಸಿದರು.

ರಿಸಿನೋಲಿಕ್ ಆಮ್ಲವನ್ನು ರೂಪಿಸುವ ಔಡಲದ ವಂಶವಾಹಿಯನ್ನು 1995ರಲ್ಲಿ ಗುರುತಿಸಲಾಯಿತು. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯಕ್ಕೆ ಅದನ್ನು ಸೇರಿಸಿದಾಗ ಅಂಥ ಆಮ್ಲದ ಪ್ರಮಾಣ ಶೇ 17ರ ಆಸುಪಾಸಿನಲ್ಲೇ ನಿಂತಿತು. ತಾಳು ತಯಾರಾಯಿತು, ಆದರೆ ಅದನ್ನು ದಿಂಡಿಗೆ ಕೂರಿಸುವ ಕಿಣ್ವಕ್ಕೆ ಆ ತಾಳಿನ ಪರಿಚಯವಿರಲಿಲ್ಲ. ಹೊಸ ಆಮ್ಲ ಕೋಶಪೊರೆಯಲ್ಲೇ ಸಿಕ್ಕಿಕೊಂಡು, ಒಟ್ಟು ಎಣ್ಣೆಯ ಉತ್ಪಾದನೆಯೂ ಕುಗ್ಗಿತು. ಜೋಡಿಸುವ ಕಿಣ್ವದ ವಂಶವಾಹಿಯನ್ನೂ ಔಡಲದಿಂದಲೇ ತಂದು ಸೇರಿಸಿದ ಮೇಲೆ, 2008ರಲ್ಲಿ, ಪ್ರಮಾಣ ಶೇ 30ರ ಸಮೀಪಕ್ಕೆ ಏರಿತು. ಔಡಲದ ಶೇ 90ಕ್ಕೆ ಇದು ಬಹಳ ದೂರ. ಆದಕಾರಣ ಈ ಎಣ್ಣೆಗೆ ಔಡಲದ ಹೊಲವೇ ಇಂದಿಗೂ ಆಧಾರ, ಮತ್ತು ಜಗತ್ತಿನ ಔಡಲದ ಬಹುಪಾಲು ಬೆಳೆಯುವುದು ಭಾರತದಲ್ಲಿ.

ಪ್ರಯೋಗಾಲಯದ ಗೆಲುವು, ಮಾರುಕಟ್ಟೆಯ ಸೋಲು

ಅಮೆರಿಕದಲ್ಲಿ ಕ್ಯಾಲಿಫೋರ್ನಿಯದ ಬೇ ಮರದ ವಂಶವಾಹಿಯನ್ನು ಕನೋಲಾಗೆ ಸೇರಿಸಿ, ಶೇ 40ರ ಆಸುಪಾಸಿನಷ್ಟು ಲಾರಿಕ್ ಆಮ್ಲವಿರುವ ತಳಿಯನ್ನು 1990ರ ದಶಕದ ಮಧ್ಯಭಾಗದಲ್ಲಿ ಬೇಸಾಯಕ್ಕೆ ತರಲಾಯಿತು. ತಂತ್ರಜ್ಞಾನ ಫಲಿಸಿತು; ಆದರೆ ಬೆಲೆಯಲ್ಲಿ ತೆಂಗಿನೆಣ್ಣೆ ಮತ್ತು ತಾಳೆಬೀಜದ ಎಣ್ಣೆಯೊಡನೆ ಸ್ಪರ್ಧಿಸಲಾಗದೆ ಆ ಬೆಳೆ ಹಿಂದೆ ಸರಿಯಿತು.

ನಮ್ಮಲ್ಲಿ ಜತ್ರೋಫಾ ನೀಡಿದ ಪಾಠವೂ ಇಂಥದೇ. ಈ ಶತಮಾನದ ಮೊದಲ ದಶಕದಲ್ಲಿ ಬರಡು ನೆಲದಲ್ಲೂ ಅದು ಲಾಭ ತರುತ್ತದೆಂಬ ಪ್ರಚಾರ ನಡೆಯಿತು. ಸುಧಾರಿತ ತಳಿಗಳಿರಲಿಲ್ಲ, ನೀರಿಲ್ಲದೆಡೆ ಇಳುವರಿ ಬರಲಿಲ್ಲ, ಕಾಯಿಗಳು ಒಟ್ಟಿಗೆ ಮಾಗದ ಕಾರಣ ಕೊಯ್ಲಿನ ಕೂಲಿ ಹೆಚ್ಚಿತು. ನಷ್ಟದ ಹೊರೆ ನೆಟ್ಟವರ ಮೇಲೆಯೇ ಬಿತ್ತು. ಗಿಡದಲ್ಲಿ ಎಣ್ಣೆ ಇದೆ ಎಂಬುದೊಂದೇ ಬೆಳೆಯ ಆಯ್ಕೆಗೆ ಸಾಕಾಗುವುದಿಲ್ಲ. ಇಳುವರಿ, ಕೂಲಿ, ಖರೀದಿದಾರ ಈ ಮೂರನ್ನೂ ಕೂಡಿಯೇ ಲೆಕ್ಕ ಹಾಕಬೇಕು.

ಕಾನೂನಿನ ಸ್ಥಿತಿ

ಭಾರತದಲ್ಲಿ ರೈತರು ವಾಣಿಜ್ಯವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯೊಂದೇ. ಡಿಎಂಎಚ್-11 ಸಾಸಿವೆಗೆ 2022ರಲ್ಲಿ ಷರತ್ತುಬದ್ಧ ಅನುಮತಿ ದೊರೆತರೂ, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಅನುಮತಿ ಇಲ್ಲದ ಕುಲಾಂತರಿ ಬೀಜವನ್ನು ಮಾರುವುದೂ ಬಿತ್ತುವುದೂ ಕಾನೂನುಬಾಹಿರ.

ರೈತ ಬಾಂಧವರು ಮತ್ತು ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಅಂಶಗಳು

• “ಕಾರ್ಖಾನೆಗೆ ಬೇಕಾದ ವಿಶೇಷ ಎಣ್ಣೆಯ ತಳಿ” ಎಂದು ಬೀಜ ಮಾರಲು ಬಂದವರಲ್ಲಿ ತಳಿಯ ಹೆಸರು, ಪ್ರಮಾಣಪತ್ರ ಮತ್ತು ರಸೀದಿಯನ್ನು ಕೇಳಿರಿ. ಸಂದೇಹವಿದ್ದರೆ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದ ನಂತರವೇ ಹಣ ನೀಡಿರಿ.

• ಒಪ್ಪಂದದ ಬೇಸಾಯವಾದರೆ ಬೆಲೆ, ಗುಣಮಟ್ಟದ ಮಾನದಂಡ, ಖರೀದಿಯ ದಿನ ಮತ್ತು ಮಾಲು ತಿರಸ್ಕೃತವಾದಾಗಿನ ಹೊಣೆ ಬರಹದಲ್ಲಿರಲಿ.

• ಹೊಸ ಬೆಳೆಯನ್ನು ಮೊದಲ ವರ್ಷ ಜಮೀನಿನ ಸಣ್ಣ ಭಾಗದಲ್ಲಿ ಮಾತ್ರ ಬೆಳೆದು ನೋಡಿರಿ.

• ಔಡಲದ ಕಾಳನ್ನು ಶೇಂಗಾ ಮುಂತಾದ ಆಹಾರದ ಕಾಳುಗಳೊಡನೆ ಒಂದೇ ಕಣದಲ್ಲಿ ಒಕ್ಕಬಾರದು, ಚೀಲಗಳನ್ನೂ ಪ್ರತ್ಯೇಕವಾಗಿಡಬೇಕು.

• ಎಣ್ಣೆ ತೆಗೆದ ನಂತರ ರಿಸಿನ್ ಹಿಂಡಿಯಲ್ಲೇ ಉಳಿಯುತ್ತದೆ. ಔಡಲದ ಹಿಂಡಿ ಉತ್ತಮ ಸಾವಯವ ಗೊಬ್ಬರ. ದನಕರುಗಳಿಗೆ ಮಾತ್ರ ಎಂದೂ ತಿನ್ನಿಸಬಾರದು. ಗೊಬ್ಬರವಾಗಿ ಬಳಸುವಾಗಲೂ ಜಾನುವಾರು, ಕೋಳಿ, ನಾಯಿಗಳು ಬಾಯಿ ಹಾಕದಂತೆ ಮಣ್ಣಿನಲ್ಲಿ ಬೆರೆಸಬೇಕು.

ಸದ್ಯಕ್ಕೆ ಕೈಗಾರಿಕಾ ಎಣ್ಣೆಯ ಮಾರುಕಟ್ಟೆಯಲ್ಲಿ ನಮ್ಮ ಒಣಭೂಮಿ ರೈತರ ಕೈಯಲ್ಲಿರುವ ಭರವಸೆಯ ಬೆಳೆಗಳು ಔಡಲ ಮತ್ತು ಅಗಸೆಯೇ. ಶಿಫಾರಸು ಮಾಡಿದ ತಳಿ, ಸಕಾಲದ ಬಿತ್ತನೆ ಮತ್ತು ಶುದ್ಧವಾದ ಕಾಳು, ಇವುಗಳಿಂದ ದೊರೆಯುವ ಲಾಭಕ್ಕೆ ಯಾವ ಹೊಸ ಅನುಮತಿಯೂ ಬೇಕಿಲ್ಲ.